ಕರಿಬೆನ್ನಿನ ಮೀನಿನಲ್ಲಿ ಹೆಚ್ಚಿಗೆ ಕಂಡ ಜೀನ್

ಈ ಕಥೆ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದನ್ನು ತಪ್ಪಿಲ್ಲದೆ ಹೇಳಬಲ್ಲವರು ಇಬ್ಬರೇ. ಒಬ್ಬಳು ಅಕ್ಕ, ಕೊಳದ ಕೆಲಸ ಬಿಟ್ಟು ಕೂತು ಮಾತಾಡುವಷ್ಟು ಪುರುಸೊತ್ತು ಅವಳಿಗಿಲ್ಲ. ಇನ್ನೊಬ್ಬಳು ತಂಗಿ, ಒಂದು ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ಅದಕ್ಕೆ ತಾನೇ ಎರಡು ತಿದ್ದುಪಡಿ ತರುತ್ತಾಳೆ. ಹಾಗಾಗಿ ಇದು ಮೂರನೆಯವರ ಬಾಯಿಗೆ ಬಿದ್ದಿದೆ. ಜೀನ್, ಪ್ರೋಟೀನ್ ಎನ್ನುವ ಕಡೆ ಎಲ್ಲಾದರೂ ಎಡವಿದ್ದರೆ ಬಲ್ಲವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ತಂಗಿ ಕೆಲಸ ಮಾಡುತ್ತಿದ್ದದ್ದು ಹಳೆಯ ಕಟ್ಟಡವೊಂದರ ಮೇಲಂತಸ್ತಿನ ಪ್ರಯೋಗಾಲಯದಲ್ಲಿ. ಒಂದು ಕಡೆ ಗೋಡೆಯುದ್ದಕ್ಕೂ ಗುಂಯ್‌ಗುಡುವ ಫ್ರಿಜ್‌ಗಳು, ಇನ್ನೊಂದು ಕಡೆ ಸರಿಯಾಗಿ ಮುಚ್ಚದ ಕಿಟಕಿ, ನಡುವೆ ಅವಳ ಮೇಜು. ಕೊಳವೆ, ದ್ರಾವಣ, ಮೀನಿನ ರೆಕ್ಕೆಯ ಚೂರು, ಇಂಥ ಒದ್ದೆ ಕೆಲಸ ವಾರಕ್ಕೊಂದೆರಡು ದಿನ. ಉಳಿದ ದಿನವೆಲ್ಲ ಕಂಪ್ಯೂಟರಿನ ಮುಂದೆ. ಅಲ್ಲಿ ಅವಳು ಒಂದು ವಂಶವೃಕ್ಷ ಬಿಡಿಸುತ್ತಿದ್ದಳು. ರಾಜಮನೆತನದ್ದಲ್ಲ, ಒಂದು ಪ್ರೋಟೀನಿನದ್ದು.

ಬೆನ್ನೆಲುಬಿರುವ ಯಾವ ಪ್ರಾಣಿಯನ್ನೇ ತೆಗೆದುಕೊಳ್ಳಿ, ಮೀನು, ಕಪ್ಪೆ, ಕೋಳಿ, ಬಾವಲಿ, ಮನುಷ್ಯ, ಅದರ ಮೈಯೊಳಗೆ ನುಗ್ಗಿದ ರೋಗಾಣುವನ್ನು ತಡವಿ ನೋಡಿ ‘ಇವನು ನಮ್ಮವನಲ್ಲ’ ಎಂದು ಗುರುತು ಹಿಡಿಯುವ ಪ್ರೋಟೀನುಗಳಿರುತ್ತವೆ. ಅಂಥದ್ದೊಂದಕ್ಕೆ ಪ್ರಯೋಗಾಲಯದವರು ಮೂಸುಗ ಎಂದು ಅಡ್ಡಹೆಸರಿಟ್ಟಿದ್ದರು. ಅದರ ನಿಜವಾದ ಹೆಸರು ಅಕ್ಷರ ಅಂಕಿಗಳ ಗೊಂಚಲು, ಬಾಯಲ್ಲಿ ಹಿಡಿಸುವುದಿಲ್ಲ. ಮೂಸುಗನನ್ನು ಕಟ್ಟಲು ಬೇಕಾದ ಬರಹವೇ ಅವನ ಜೀನ್. ಕೋಟ್ಯಂತರ ವರ್ಷಗಳ ಹಿಂದೆ ಒಂದೇ ಒಂದಾಗಿದ್ದ ಆ ಬರಹ, ಯಾವುದೋ ಹಳೆಯ ಮೀನಿನಲ್ಲಿ ನಕಲಾಗುವಾಗ ಕೈತಪ್ಪಿ ಎರಡು ಸಲ ಬರೆಯಲ್ಪಟ್ಟಿತು. ಇಬ್ಬರಾದ ಮೇಲೆ ಒಬ್ಬ ಹಳೆಯ ಕೆಲಸ ನೋಡಿಕೊಂಡರೆ ಸಾಕು. ಇನ್ನೊಬ್ಬನಿಗೆ ಬಿಡುವು. ಬಿಡುವಾದವನು ತಲೆತಲಾಂತರಕ್ಕೆ ಅಷ್ಟಷ್ಟು ಬದಲಾಗುತ್ತ ಹೊಸ ರೋಗಾಣುವನ್ನು ಮೂಸಲು ಕಲಿಯಬಹುದು, ಇಲ್ಲವೇ ಕೆಟ್ಟು ಮೂಲೆ ಹಿಡಿಯಬಹುದು. ಹೀಗೆ ನಕಲಿನ ಮೇಲೆ ನಕಲಾಗಿ ಒಂದು ಪ್ರಾಣಿಯಲ್ಲಿ ದೊಡ್ಡ ಕುಟುಂಬ, ಇನ್ನೊಂದರಲ್ಲಿ ಒಂಟಿ ಜೀವ. ಯಾರಿಗೆ ಯಾರು ಅಣ್ಣ, ಯಾರು ದಾಯಾದಿ, ಯಾರು ಯಾವ ಕಾಲದಲ್ಲಿ ಬೇರೆಯಾದ ಎಂದು ಗುರುತು ಹಾಕುವುದು ತಂಗಿಯ ಕೆಲಸ.

ಇದನ್ನು ಅವಳು ಒಮ್ಮೆ ಅಕ್ಕನಿಗೆ ವಿವರಿಸಿ ಹೇಳಿದ್ದಳು. ಅಕ್ಕ ಪೂರ್ತಿ ಕೇಳಿಸಿಕೊಂಡು, ಪಕ್ಕದಲ್ಲೇ ಕೂತಿದ್ದ ಗಂಡನ ಕಡೆ ನೋಡದೆ, “ಅಂದ್ರೆ ನಿಮ್ಮ ಭಾವನ ಮನೆಯವರ ಥರ ಅನ್ನು. ಒಬ್ಬ ದುಡಿಯೋದು, ಮಿಕ್ಕವರು ಸಾಲಾಗಿ ಕೂರೋದು” ಎಂದಿದ್ದಳು.

ಅಕ್ಕನದು ಮೀನುಮರಿ ಕೇಂದ್ರ. ತಾಯಿಮೀನುಗಳನ್ನು ಸಾಕಿ, ಮೊಟ್ಟೆ ಬಿಡಿಸಿ, ಮರಿ ಮಾಡಿ ಸಾಕಣೆದಾರರಿಗೆ ಕೊಡುವ ಜಾಗ. ಇಳಿಜಾರಿನಲ್ಲಿ ಒಂದರ ಕೆಳಗೊಂದು ಕೊಳಗಳು. ಕಾಲುವೆಯ ನೀರು ಮೊದಲು ಮೇಲಿನ ಕೊಳಕ್ಕೆ ಬಿದ್ದು, ಅಲ್ಲಿಂದ ಕೆಳಗಿನದಕ್ಕೆ, ಅದರಿಂದ ಇನ್ನೂ ಕೆಳಗಿನದಕ್ಕೆ ಹರಿಯುತ್ತದೆ. ಪಕ್ಕದಲ್ಲಿ ತಗಡಿನ ಛಾವಣಿಯ ಶೆಡ್ಡು, ಒಳಗೆ ದುಂಡನೆಯ ತೊಟ್ಟಿಗಳು. ಅಕ್ಕನ ಬಳಿ ಒಂದೇ ಜಾತಿಯ ಮೀನಿನ ಎರಡು ತಳಿಗಳಿದ್ದವು. ಬಿಳಿಹೊಟ್ಟೆ ಬೇಗ ಬೆಳೆಯುತ್ತದೆ, ಗಿರಾಕಿಗಳು ಕೇಳಿ ಒಯ್ಯುವುದು ಅದನ್ನೇ. ಕರಿಬೆನ್ನು ನಿಧಾನ, ಅಪ್ಪ ಎಲ್ಲಿಂದಲೋ ತಂದು ಸಾಕಿದ್ದೆಂದು ಉಳಿದುಕೊಂಡಿತ್ತು. ಅದಕ್ಕೆ ಮೇಲಿನ ಕೊಳ, ಬಿಳಿಹೊಟ್ಟೆಗೆ ಕೆಳಗಿನವೆಲ್ಲ.

ಒಂದು ಬೇಸಗೆಯಲ್ಲಿ ರೋಗ ಬಂತು. ಮೀನುಗಳ ಮೈಮೇಲೆ ಕೆಂಪು ಚುಕ್ಕೆ ಎದ್ದವು, ಬಾಯಿ ಮೇಲೆ ಮಾಡಿ ಗಾಳಿಗೆ ಒದ್ದಾಡಿದವು, ಬೆಳಗಾಗುವಷ್ಟರಲ್ಲಿ ಹೊಟ್ಟೆ ಮೇಲಾದವು. ಬಿಳಿಹೊಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋದವು. ಮೇಲಿನ ಕೊಳದ ಕರಿಬೆನ್ನಿಗೆ ಹೆಚ್ಚೇನೂ ಆಗಲಿಲ್ಲ. ತಪಾಸಣೆಗೆ ಬಂದ ಅಧಿಕಾರಿ, ಹೊರಗಿನ ಕೊಳಗಳನ್ನೆಲ್ಲ ಬತ್ತಿಸಿ ಸುಣ್ಣ ಹಾಕಿ ಒಣಗಿಸಬೇಕು, ಅಲ್ಲಿಯವರೆಗೆ ತಾಯಿಮೀನುಗಳು ಶೋಧಿಸಿದ ನೀರಿನ ಶೆಡ್ಡಿನೊಳಗೇ ಇರಬೇಕು ಎಂದು ಹೇಳಿ ಹೋದ. ಶೆಡ್ಡಿನಲ್ಲಿ ಜಾಗ ಒಂದು ತಳಿಗೆ ಮಾತ್ರ. ಇನ್ನೊಂದು ಮಾಂಸದ ಲಾರಿ ಹತ್ತಬೇಕು. ಒಮ್ಮೆ ಹೋದರೆ ಹೋಯಿತು, ಆ ತಳಿ ಮತ್ತೆಲ್ಲೂ ಸಿಗುವಂಥದ್ದಲ್ಲ.

ಯಾವುದನ್ನು ಇಟ್ಟುಕೊಳ್ಳುವುದು? ಭಾವನ ಲೆಕ್ಕ ಸರಳವಾಗಿತ್ತು. ಮೇಲಿನ ಕೊಳಕ್ಕೆ ಬರುವುದು ಹೊಸ ನೀರು, ಕೊಳಕೆಲ್ಲ ಇಳಿಯುವುದು ಕೆಳಕ್ಕೆ. ಕರಿಬೆನ್ನು ಉಳಿದದ್ದು ನೀರಿನಿಂದ. ಮುಂದೆ ಬಿಳಿಹೊಟ್ಟೆಗೇ ಒಳ್ಳೆಯ ನೀರು ಕೊಟ್ಟರಾಯಿತು. ಅಕ್ಕನೂ ಆ ಕಡೆಗೇ ವಾಲಿದ್ದಳು. ಅಷ್ಟರಲ್ಲಿ ತಂಗಿ ಎರಡೂ ತಳಿಗಳ ರೆಕ್ಕೆಯ ಚೂರು ಒಯ್ದು ಮೂಸುಗನ ಕುಟುಂಬವನ್ನು ಎಣಿಸಿದ್ದಳು. ಬಿಳಿಹೊಟ್ಟೆಯಲ್ಲಿ ಆರು ಮಂದಿ. ಕರಿಬೆನ್ನಿನಲ್ಲಿ ಏಳು. ಹತ್ತಿರದ ಯಾವ ಮೀನಿನಲ್ಲೂ ಇಲ್ಲದ ಏಳನೆಯವನು, ಹೊಸ ನಕಲು, ಅದೂ ರೋಗ ತಡೆದ ತಳಿಯಲ್ಲೇ. ಪ್ರಯೋಗಾಲಯದಲ್ಲಿ ಸಡಗರವೋ ಸಡಗರ. ಲೇಖನ ಬರೆದು ವಿಜ್ಞಾನ ಪತ್ರಿಕೆಯೊಂದಕ್ಕೆ ಕಳಿಸಿದ್ದಾಯಿತು. ತಂಗಿ ಅಕ್ಕನಿಗೆ ಫೋನು ಮಾಡಿ ಹೇಳಿದ್ದು ಒಂದೇ ಮಾತು: ನೀರಲ್ಲ, ರಕ್ತ.

ಅಡುಗೆಗೆ ಉಪ್ಪು ಸಾಕೋ ಬೇಕೋ ಎಂಬುದರಲ್ಲೂ ತಂಗಿಯ ಮಾತು ಕೇಳದ ಅಕ್ಕ ಅಂದು ಎದುರು ಮಾತಾಡಲಿಲ್ಲ. ನೀನು ಹೇಳಿದ ಮೇಲೆ ಮುಗೀತು ಎಂದು ಫೋನಿಟ್ಟಳು. ಮುಂದಿನ ವಾರದ ಕೊನೆಗೆ ಬಿಳಿಹೊಟ್ಟೆ ಒಯ್ಯಲು ಲಾರಿಗೂ ಹೇಳಿಬಿಟ್ಟಳು. ಕೇಳಿದ ತಂಗಿಗೆ ಹಿಗ್ಗಾಯಿತು. ಹಿಗ್ಗಿದ್ದಕ್ಕೆ ಒಂದಿಷ್ಟು ಹೆದರಿಕೆಯೂ ಆಯಿತು.

ಪತ್ರಿಕೆಯ ಪರವಾಗಿ ಲೇಖನ ಓದಿದ ಪರೀಕ್ಷಕರೊಬ್ಬರು, ಮೀನಿನ ಜೀನ್‌ಗಳ ಸಾಲಿನಲ್ಲಿ ಏಳನೆಯವನು ಎಲ್ಲಿ ನಿಂತಿದ್ದಾನೆಂದು ಒಂದು ಚಿತ್ರ ಕೊಡಿ ಎಂದು ಕೇಳಿದ್ದರು. ಸಣ್ಣ ಕೆಲಸ. ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಸೋಣವೆಂದು ತಂಗಿ ಕೂತಳು. ಏಳನೆಯವನ ಎಡಕ್ಕೆ ಯಾರಿದ್ದಾರೆ ಎಂದು ಹುಡುಕಿದಳು. ಸಿಕ್ಕವರು ಆರನೆಯವನ ಎಡಮನೆಯವರು. ಬಲಕ್ಕೆ ನೋಡಿದಳು. ಅಲ್ಲೂ ಆರನೆಯವನ ನೆರೆಯವರೇ. ಒಂದೇ ಎಡಮನೆ, ಒಂದೇ ಬಲಮನೆ, ನಡುವೆ ಎರಡು ಮನೆ ಹಿಡಿಯುವಷ್ಟು ಜಾಗವೇ ಇರಲಿಲ್ಲ.

ಅವಳು ಕುರ್ಚಿಯಿಂದ ಎದ್ದು, ಕಿಟಕಿಯವರೆಗೆ ಹೋಗಿ, ಮತ್ತೆ ಬಂದು ಕೂತಳು. ಏನಾಗಿದೆ ಎನ್ನುವುದು ಅವಳಿಗೆ ಹೊಳೆದಿತ್ತು. ಯಂತ್ರವು ಜೀನ್‌ಗಳನ್ನು ಉದ್ದಕ್ಕೆ ಓದುವುದಿಲ್ಲ. ಹರಿದ ಕಾಗದದ ಚೂರುಗಳಂತೆ ಓದಿ ಕೊಡುತ್ತದೆ, ಕಂಪ್ಯೂಟರು ಅವನ್ನು ಜೋಡಿಸುತ್ತದೆ. ಪ್ರತಿ ಮೀನಿಗೂ ಪ್ರತಿ ಜೀನಿನ ಎರಡು ಪ್ರತಿಗಳು, ತಾಯಿಯದೊಂದು, ತಂದೆಯದೊಂದು. ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಅಕ್ಷರ ಬಿಟ್ಟರೆ ಎರಡೂ ಒಂದೇ ಆಗಿರುವುದರಿಂದ ಕಂಪ್ಯೂಟರು ಒಂದರ ಮೇಲೊಂದಿಟ್ಟು ಒಂದೆಂದೇ ತೋರಿಸುತ್ತದೆ. ಎರಡೂ ತೀರ ಬೇರೆಯಾಗಿದ್ದರೆ ಮಾತ್ರ ಮೋಸಹೋಗಿ, ಇವು ಎರಡು ಜೀನ್‌ಗಳೆಂದು ಪಕ್ಕಪಕ್ಕಕ್ಕೆ ಇಟ್ಟುಬಿಡುತ್ತದೆ. ರೋಗ ತಡೆಯುವ ಜೀನ್‌ಗಳಲ್ಲಿ ತಾಯಿಯ ಪ್ರತಿಗೂ ತಂದೆಯ ಪ್ರತಿಗೂ ಅಜಗಜಾಂತರವಿರುವುದು ಉಂಟು, ಅಲ್ಲಿ ಹುಷಾರಾಗಿರಿ, ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳಿಕೊಡುತ್ತಿದ್ದವಳು ಅವಳೇ.

ಸೂಚನೆಗಳು ಇರಲಿಲ್ಲವೆಂದಲ್ಲ. ಆರನೆಯವನ ಚೂರುಗಳೂ ಏಳನೆಯವನ ಚೂರುಗಳೂ ಮಿಕ್ಕವರಿಗಿಂತ ಅರ್ಧಕ್ಕರ್ಧ ಕಡಿಮೆ ಸಿಕ್ಕಿದ್ದವು. ಇಂಥ ಕಡೆ ಯಂತ್ರ ಸರಿಯಾಗಿ ಓದುವುದಿಲ್ಲವೆಂದು ಸಮಾಧಾನ ಹೇಳಿಕೊಂಡಿದ್ದಳು. ಕೆಲವು ಕರಿಬೆನ್ನುಗಳಲ್ಲಿ ಏಳನೆಯವನು ಸಿಕ್ಕಿರಲೇ ಇಲ್ಲ. ಪರೀಕ್ಷೆ ಕೈಕೊಟ್ಟಿದೆ ಎಂದುಕೊಂಡಿದ್ದಳು. ಈಗ ಎಲ್ಲವೂ ಸಾಲಾಗಿ ಎದುರು ಬಂದು ನಿಂತವು.

ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರು ಚಿತ್ರವನ್ನು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ನೀವು ಹೇಳುವುದು ಇರಬಹುದು, ಇಲ್ಲದೆಯೂ ಇರಬಹುದು ಎಂದರು. ನಕಲಾಗುವಾಗ ಎಡಬಲದ ನೆರೆಯವರನ್ನೂ ಸೇರಿಸಿಕೊಂಡು ಇಡೀ ಕೇರಿಯೇ ನಕಲಾಗಿದ್ದರೆ? ಆಗಲೂ ಹೀಗೇ ಕಾಣುತ್ತದೆ. ಅದು ನಿಜವೂ ಹೌದು. ತಂಗಿಗೆ ತಲೆಯಾಡಿಸದೆ ಇರಲಾಗಲಿಲ್ಲ. ಉದ್ದಕ್ಕೆ ಓದುವ ಯಂತ್ರದಲ್ಲಿ ಓದಿಸಿದರೆ ಸಂದೇಹ ತೀರುತ್ತದೆ, ಆದರೆ ಅದರ ಸರದಿ ಬರಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಸುಮ್ಮನಿರೋಣ, ಲೇಖನ ಕಾಯುತ್ತದೆ ಎಂದರು ಮೇಷ್ಟ್ರು.

“ಮೀನು ಕಾಯಲ್ಲ ಸರ್” ಎಂದಳು ತಂಗಿ.

ಲಾರಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಕೇಳಿ, ಅದನ್ನು ನೀವೇ ತೀರ್ಮಾನ ಮಾಡಬೇಕು ಎಂದಷ್ಟೇ ಹೇಳಿದರು.

ಮಾರನೆಯ ದಿನ ರಜೆ ಹಾಕಿ ತಂಗಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಗೆ ಶುರುಮಾಡುವುದೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟಿ ಕಟ್ಟಿ ಅಳಿಸಿದಳು. ಹೇಳದೆ ಇದ್ದರೆ ಅಕ್ಕ ಬಿಳಿಹೊಟ್ಟೆಯನ್ನು ಕಳಿಸಿಬಿಡುತ್ತಾಳೆ. ಹೇಳಿದರೆ, ನಂಬಿದ ಒಂದೇ ಸಲವೂ ನೀನು ಹೀಗೆ ಮಾಡಿದೆ ಎನ್ನುತ್ತಾಳೆ. ಎರಡನೆಯದನ್ನು ಹೇಗೋ ಸಹಿಸಬಹುದು ಎಂದುಕೊಂಡಳು. ಸಹಿಸಬಹುದು ಎಂಬುದೂ ಅಷ್ಟು ಖಾತ್ರಿಯಿರಲಿಲ್ಲ.

ಅಕ್ಕ ಶೆಡ್ಡಿನಲ್ಲಿ ರಬ್ಬರ್ ಬೂಟು ಹಾಕಿಕೊಂಡು ಖಾಲಿ ತೊಟ್ಟಿಯೊಳಗಿಳಿದು ಪಾಚಿ ಉಜ್ಜುತ್ತಿದ್ದಳು. ತಲೆಯೆತ್ತಿ ನೋಡಿ, “ಏನಮ್ಮ, ಇವತ್ತು ಕಂಪ್ಯೂಟರ್ ಕೆಟ್ಟಿದೆಯಾ?” ಎಂದಳು.

ತಂಗಿ ಕಟ್ಟಿದ್ದ ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ. ತೊಟ್ಟಿಯ ಅಂಚು ಹಿಡಿದು ನಿಂತು, ಏಳನೆಯವನು ಇಲ್ಲದೆಯೇ ಇರಬಹುದು, ಒಂದೇ ಜೀನಿನ ಎರಡು ಪ್ರತಿಗಳನ್ನು ಎರಡು ಜೀನ್ ಎಂದು ಎಣಿಸಿಬಿಟ್ಟಿರಬಹುದು ಎಂದು ನೇರವಾಗಿ ಹೇಳಿದಳು. ಅಕ್ಕ ಉಜ್ಜುವುದನ್ನು ನಿಲ್ಲಿಸಲಿಲ್ಲ. ಒಂದು ಸುತ್ತು ಮುಗಿಸಿ, ಬ್ರಷ್ಷನ್ನು ಬಕೆಟ್ಟಿನಲ್ಲಿ ಅದ್ದಿ, ಆಮೇಲೆ ಕೇಳಿದಳು.

“ಫೋನಲ್ಲಿ ಹೇಳಿದಾಗ ಬಹುಶಃ ಅಂದ್ಯಾ?”

“ಇಲ್ಲ.”

“ಹುಟ್ಟಿದಾಗಿನಿಂದ ನೀನು ಎಲ್ಲದಕ್ಕೂ ಬಹುಶಃ ಅನ್ನೋಳು. ಊಟ ಆಯ್ತಾ ಅಂದ್ರೂ ಬಹುಶಃ. ಅದೊಂದು ಸಲ ಅನ್ನಲಿಲ್ಲ. ಅದಕ್ಕೇ ಕಣೆ ನಂಬಿದ್ದು.”

ಪಂಪಿನ ಹತ್ತಿರ ಕೂತಿದ್ದ ಭಾವನಿಗೆ ಇದೆಲ್ಲ ಕೇಳಿಸಿತ್ತು. ಎದ್ದು ಬಂದು, ಹಾಗಾದರೆ ನೀರೇ ಅನ್ನು, ನಾನು ಮೊದಲೇ ಬಡಕೊಂಡೆ ಎಂದು ಮುಖ ಅರಳಿಸಿದ. ಅದೂ ಗೊತ್ತಾದ ಹಾಗಾಗಲಿಲ್ಲ ಭಾವ, ರಕ್ತ ಅಲ್ಲ ಅಂದ ಮಾತ್ರಕ್ಕೆ ನೀರು ಅಂತಾಗಲ್ಲ ಎಂದು ತಂಗಿ ಹೇಳಿದಾಗ ಅವನ ಮುಖ ಮತ್ತೆ ಮುದುಡಿತು. ಈ ಮನೆಯಲ್ಲಿ ಗೆದ್ದರೂ ಸೋತ ಲೆಕ್ಕವೇ ಎಂದು ಗೊಣಗುತ್ತ ಪಂಪಿನ ಕಡೆ ಹೋದ.

ಅಕ್ಕ ತೊಟ್ಟಿಯಿಂದ ಹೊರಬಂದು ಅಂಚಿನ ಮೇಲೆ ಕೂತಳು. ಲಾರಿ ಬರುವುದರೊಳಗೆ ತಿಳಿಯುವ ದಾರಿ ಏನಾದರೂ ಇದೆಯೇ ಎಂದು ಕೇಳಿದಳು. ಒಂದಿತ್ತು. ತಂಗಿ ಅದನ್ನು ಬಸ್ಸಿನಲ್ಲೇ ಯೋಚಿಸಿದ್ದಳು. ಕೇಳುವ ಧೈರ್ಯ ಇರಲಿಲ್ಲ. ಗಂಡಿನ ವೀರ್ಯವನ್ನು ನೀರಿನ ರೋಗಾಣು ಕೊಲ್ಲುವ ಯುವಿ ದೀಪದ ಕೆಳಗೆ ಹಿಡಿದರೆ ಅದರೊಳಗಿನ ಬರಹವೆಲ್ಲ ಸುಟ್ಟುಹೋಗುತ್ತದೆ, ಆದರೆ ಈಜಿ ಹೋಗಿ ಮೊಟ್ಟೆಯನ್ನು ಎಬ್ಬಿಸುವಷ್ಟು ಜೀವ ಉಳಿಯುತ್ತದೆ. ಎದ್ದ ಮೊಟ್ಟೆ ಬೆಳೆಯತೊಡಗುತ್ತದೆ, ಬರೀ ತಾಯಿಯ ಅರ್ಧ ಬರಹದ ಮೇಲೆ. ಅಂಥ ಭ್ರೂಣದಲ್ಲಿ ಯಾವ ಜೀನಿಗೂ ಎರಡು ಪ್ರತಿಗಳಿರುವುದಿಲ್ಲ. ಆರನೆಯವನೂ ಏಳನೆಯವನೂ ನಿಜವಾಗಿ ಇಬ್ಬರೇ ಆಗಿದ್ದರೆ ಪ್ರತಿ ಭ್ರೂಣದಲ್ಲೂ ಇಬ್ಬರೂ ಸಿಗಬೇಕು. ಒಬ್ಬನದೇ ಎರಡು ಪ್ರತಿಯಾಗಿದ್ದರೆ ಒಂದರಲ್ಲಿ ಇವನು, ಇನ್ನೊಂದರಲ್ಲಿ ಅವನು.

“ಅಪ್ಪ ಇಲ್ಲದ ಮರಿ” ಎಂದಳು ಅಕ್ಕ. “ಬದುಕ್ತವಾ?”

“ಇಲ್ಲಕ್ಕ. ಮೊಟ್ಟೆ ಒಡೆಯೋ ಹೊತ್ತಿಗೆ ಸೊಟ್ಟಗಾಗಿ ಸಾಯ್ತವೆ.”

“ಸಾಯೋಕೇ ಅಂತ ಮರಿ ಮಾಡಿಸ್ತೀಯಾ ನನ್ನ ಕೈಲಿ.”

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಮೊಟ್ಟೆ ಬೇಕಾದದ್ದು ಯಾವುದೋ ಮೀನಿನದ್ದಲ್ಲ. ಪ್ರಯೋಗಾಲಯದಲ್ಲಿ ಜೀನ್‌ಗಳನ್ನು ಪೂರ್ತಿಯಾಗಿ ಓದಿಸಿದ್ದು ಕರಿಬೆನ್ನುಗಳಲ್ಲೇ ದೊಡ್ಡದಾದ ಹೆಣ್ಣಿನದ್ದು, ಅಕ್ಕ ಯಜಮಾನಿ ಎಂದು ಕರೆಯುತ್ತಿದ್ದದ್ದರದ್ದು. ಅದಕ್ಕೆ ವಯಸ್ಸಾಗಿತ್ತು. ರೋಗದ ಬೇಸಗೆ ಕಳೆದ ಮೇಲೆ ಮೇವಿಗೂ ಸರಿಯಾಗಿ ಬರುತ್ತಿರಲಿಲ್ಲ. ಮೊಟ್ಟೆ ಮಾಗಿಸುವ ಚುಚ್ಚುಮದ್ದು ಕೊಟ್ಟು ಹಿಂಡುವುದೆಂದರೆ ಸತ್ತರೂ ಸಾಯಬಹುದು. ಅಕ್ಕ ಎದ್ದು ಹೋಗಿ ಯಜಮಾನಿಯ ತೊಟ್ಟಿಯ ಮುಂದೆ ನಿಂತಳು. ಮೀನು ತಳದಲ್ಲಿ ಒಂದೇ ಕಡೆ ನಿಂತು ಕಿವಿರು ಆಡಿಸುತ್ತಿತ್ತು. ತಂಗಿಗೆ ಬೇಡವೆನ್ನಬೇಕೆನಿಸಿತು. ಆದರೆ ಬೇಡವೆಂದರೆ ಮಿಕ್ಕುವುದು ಊಹೆಯೇ. ಅವಳು ಬಾಯಿ ಬಿಡುವುದರೊಳಗೆ ಅಕ್ಕ ಗಂಡನನ್ನು ಕೂಗಿ, ಚುಚ್ಚುಮದ್ದು ಎಲ್ಲಿಟ್ಟಿದ್ದೀರಿ ಎಂದು ಕೇಳಿದಳು.

ಅಂದು ಸಂಜೆ ಚುಚ್ಚಿದ್ದಾಯಿತು. ತಂಗಿ ಅಲ್ಲೇ ಉಳಿದಳು. ಬೆಳಿಗ್ಗೆ ಅಕ್ಕ ತೊಟ್ಟಿಗಿಳಿದು ಯಜಮಾನಿಯ ಹೊಟ್ಟೆ ತಡವಿ, ಆಗಿದೆ ಎಂದಳು. ಒದ್ದೆ ಟವೆಲ್ಲನ್ನು ತಲೆಗೆ ಸುತ್ತಿ ಕಣ್ಣು ಮುಚ್ಚಿದ ಮೇಲೆ ಮೀನು ಒದ್ದಾಡುವುದು ನಿಂತಿತು. ಮಂಡಿಯ ಮೇಲೆ ಓರೆಯಾಗಿ ಹಿಡಿದುಕೊಂಡು, ಹೊಟ್ಟೆಯನ್ನು ಎದೆಯ ಕಡೆಯಿಂದ ಬಾಲದ ಕಡೆಗೆ ಹೆಬ್ಬೆರಳಿನಿಂದ ನೀವಿದಳು. ಹಸಿರು ಬೆರೆತ ಹಳದಿ ಕಾಳುಗಳು ಒಣ ಬಟ್ಟಲಿಗೆ ದಾರದಂತೆ ಇಳಿದವು. ನೀರಿನ ಒಂದು ಹನಿ ತಾಗಿದರೂ ಮೊಟ್ಟೆಯ ಬಾಯಿ ಮುಚ್ಚಿಕೊಳ್ಳುತ್ತದೆ ಎಂದು ಭಾವ ಪದೇ ಪದೇ ಟವೆಲ್ಲಿನ ಅಂಚು ಒರೆಸುತ್ತಿದ್ದ. ಮನೆಯಲ್ಲಿ ಇಬ್ಬರು ಯಜಮಾನಿಯರು, ಒರೆಸೋಕೆ ನಾನೊಬ್ಬ ಎಂದ. ಯಾರೂ ನಗಲಿಲ್ಲ, ಆದರೆ ಅಕ್ಕನ ಭುಜ ಸ್ವಲ್ಪ ಸಡಿಲಾಯಿತು.

ವೀರ್ಯವನ್ನು ಬಿಳಿಹೊಟ್ಟೆಯ ಗಂಡಿನಿಂದ ತೆಗೆದುಕೊಂಡರು. ಇದು ತಂಗಿಯ ಮುನ್ನೆಚ್ಚರಿಕೆ. ದೀಪ ಸರಿಯಾಗಿ ಸುಡದೆ ಹೋದರೆ ಭ್ರೂಣದಲ್ಲಿ ಬಿಳಿಹೊಟ್ಟೆಯ ಜೀನ್ ಕಾಣಿಸಿಕೊಂಡು ಮೋಸ ಬಯಲಾಗುತ್ತದೆ. ಶೋಧಿಸಿದ ನೀರಿನ ಕೊಳವೆಗೆ ಹಾಕಿದ್ದ ಯುವಿ ದೀಪವನ್ನೇ ಬಿಚ್ಚಿ ತಂದು, ಉಪ್ಪುನೀರಿನಲ್ಲಿ ತೆಳ್ಳಗೆ ಕಲಸಿದ ವೀರ್ಯದ ತಟ್ಟೆಯ ಮೇಲೆ ಹಿಡಿದರು. ಎಲ್ಲ ಕಡೆ ಒಂದೇ ಸಮ ಬೆಳಕು ಬೀಳುವಂತೆ ತಟ್ಟೆಯನ್ನು ಮೆಲ್ಲಗೆ ತೂಗುತ್ತಿರಬೇಕು. ತಂಗಿ ತೂಗಿದರೆ ದ್ರಾವಣವೆಲ್ಲ ಒಂದೇ ಕಡೆ ಸರಿಯುತ್ತಿತ್ತು. ಅಕ್ಕ ತಟ್ಟೆ ಕಸಿದುಕೊಂಡು ತಾನೇ ತೂಗಿದಳು. ಆಮೇಲೆ ಮೊಟ್ಟೆಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಸುಟ್ಟ ವೀರ್ಯ, ಹೋಲಿಕೆಗೆಂದು ಇನ್ನೊಂದಕ್ಕೆ ಸುಡದ್ದು, ಹಕ್ಕಿಯ ಪುಕ್ಕದಿಂದ ಕಲಸಿ, ಬೇರೆ ಬೇರೆ ತೊಟ್ಟಿಗೆ ಬಿಟ್ಟರು. ಯಜಮಾನಿಯನ್ನು ತನ್ನ ತೊಟ್ಟಿಗೆ ಬಿಟ್ಟಾಗ ಒಂದು ಪಕ್ಕಕ್ಕೆ ಒರಗಿಕೊಂಡಿತು. ಅಕ್ಕ ಎರಡೂ ಕೈಯಿಂದ ನೆಟ್ಟಗೆ ಹಿಡಿದು ನೀರಿಗೆ ಎದುರಾಗಿ ನಿಲ್ಲಿಸಿಕೊಂಡಳು. ಬಹಳ ಹೊತ್ತಾದ ಮೇಲೆ ಅದು ತಾನಾಗಿ ಕೈಯಿಂದ ಜಾರಿತು. ಅಕ್ಕ ಮಧ್ಯಾಹ್ನದವರೆಗೂ ಅಲ್ಲಿಂದ ಕದಲಲಿಲ್ಲ.

ಮೊಟ್ಟೆಗಳು ಒಡೆಯುವ ಹೊತ್ತಿಗೆ ವ್ಯತ್ಯಾಸ ಬರಿಗಣ್ಣಿಗೇ ಕಾಣುವಂತಿತ್ತು. ಒಂದು ತೊಟ್ಟಿಯಲ್ಲಿ ನೆಟ್ಟನೆಯ ಮರಿಗಳು. ಇನ್ನೊಂದರಲ್ಲಿ ಗಿಡ್ಡ, ಡೊಂಕು, ಹೊಟ್ಟೆ ಊದಿದ, ಸಣ್ಣ ಕಣ್ಣಿನವು. ಬಾಲ ಬಡಿದು ಇದ್ದಲ್ಲೇ ಸುತ್ತುತ್ತಿದ್ದವು. ಭಾವ ನೋಡಲಾಗದೆ ಹೊರಗೆ ಹೋದ. ಇಂಥದ್ದು ಒಂದು ಕಂಡರೂ ಇಡೀ ತೊಟ್ಟಿ ಖಾಲಿ ಮಾಡುತ್ತಿದ್ದವಳು ನಾನು ಎಂದು ಅಕ್ಕ ಹೇಳಿದಳು, ಹೇಳಿ ತಾನೇ ಅವನ್ನು ಹಿಡಿದು ಕೊಳವೆಗಳಿಗೆ ತುಂಬಿಸಿ ಕೊಟ್ಟಳು.

ಪ್ರಯೋಗಾಲಯದಲ್ಲಿ ತಂಗಿ ಒಂದೊಂದು ಭ್ರೂಣವನ್ನೂ ಬೇರೆ ಬೇರೆಯಾಗಿ ನೋಡಿದಳು. ಕೆಲವುಗಳಲ್ಲಿ ಆರನೆಯವನು. ಮಿಕ್ಕವುಗಳಲ್ಲಿ ಏಳನೆಯವನು. ಇಬ್ಬರೂ ಒಟ್ಟಿಗೆ ಇದ್ದದ್ದು ಒಂದರಲ್ಲೂ ಇಲ್ಲ. ಬಿಳಿಹೊಟ್ಟೆಯ ಗುರುತು ಎಲ್ಲೂ ಇಲ್ಲ. ದೀಪ ತನ್ನ ಕೆಲಸ ಮಾಡಿತ್ತು. ನೆಟ್ಟಗಿದ್ದ ಮರಿಗಳಲ್ಲಿ ಮಾತ್ರ ತಾಯಿಯ ಕಡೆಯದೊಂದು, ಬಿಳಿಹೊಟ್ಟೆಯದೊಂದು. ತನ್ನ ಕೈಯನ್ನು ತಾನೇ ನಂಬದವಳಾದ್ದರಿಂದ ಎಲ್ಲವನ್ನೂ ಇನ್ನೊಮ್ಮೆ ಮಾಡಿದಳು. ಅದೇ ಬಂತು. ಏಳನೆಯವನು ಎಂಬವನು ಇರಲೇ ಇಲ್ಲ. ಕರಿಬೆನ್ನಿನಲ್ಲೂ ಆರೇ ಮಂದಿ.

ಮೇಷ್ಟ್ರಿಗೆ ತೋರಿಸಿದಳು. ಅವರು ಹಾಳೆಗಳನ್ನು ಮೊದಲಿನಿಂದ ಎರಡು ಸಲ ತಿರುವಿದರು. ಲೇಖನಕ್ಕೆಂದು ತಿಂಗಳುಗಳೇ ಹೋಗಿದ್ದವು, ಅವರದ್ದೂ ಅವಳದ್ದೂ. ಕೊನೆಗೆ, “ಏಳು ಅಂತ ಹೇಳಿದ್ದು ನಾವು. ಆರು ಅಂತ ಹೇಳೋದೂ ನಾವೇ ಆಗ್ಲಿ. ವಾಪಸ್ ತಗೊಳ್ಳೋಣ, ಬರೀರಿ” ಎಂದರು. ದನಿಯಲ್ಲಿ ಸಿಟ್ಟಿತ್ತು, ಆದರೆ ಸಹಿ ಹಾಕಲು ತಡಮಾಡಲಿಲ್ಲ.

ಲಾರಿ ಬರುವ ಹಿಂದಿನ ದಿನ ತಂಗಿ ಮತ್ತೆ ಅಕ್ಕನ ಮನೆಗೆ ಹೋದಳು. ಅಡುಗೆಮನೆಯಲ್ಲಿ ಮೂವರೂ ಕೂತರು. ಬಂದ ಉತ್ತರ ಹೇಳಿದ್ದಾಯಿತು. ಯಜಮಾನಿ ಬದುಕಿತ್ತು, ಮೇವಿಗೂ ಬಂದಿತ್ತು ಎಂದು ಅಕ್ಕ ಹೇಳಿದಳು. ಆಮೇಲೆ ಲೋಟ ಪಕ್ಕಕ್ಕೆ ಸರಿಸಿ ನೇರವಾಗಿ ಕೇಳಿದಳು.

“ನಾಳೆ ಯಾವುದನ್ನ ಹತ್ತಿಸ್ಲಿ?”

“ಗೊತ್ತಿಲ್ಲಕ್ಕ” ಎಂದಳು ತಂಗಿ. “ಕರಿಬೆನ್ನಲ್ಲಿ ಹೆಚ್ಚಿನದು ಏನೋ ಇದೆ ಅಂದಿದ್ದು ಸುಳ್ಳಾಯ್ತು. ಯಾಕೆ ಉಳೀತು ಅನ್ನೋದಕ್ಕೆ ಈಗ ನನ್ನ ಹತ್ರ ಉತ್ತರ ಇಲ್ಲ.”

ಇಷ್ಟಕ್ಕೆ ಬಸ್ಸಿಗೆ ಬಂದೆಯಾ, ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದ ಭಾವ. ಅಕ್ಕ ಅವನನ್ನು ಸುಮ್ಮನಿರಿಸಿದಳು. ತಂಗಿ ಮುಂದುವರಿಸಿದಳು, ತನಗೆ ತಿಳಿದದ್ದನ್ನೂ ತಿಳಿಯದ್ದನ್ನೂ ಬೇರೆ ಬೇರೆ ಮಾಡಿ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ಏಳನೆಯವನು ಇಲ್ಲ, ಆದರೆ ಆರನೆಯವನ ಎರಡು ರೂಪಗಳು ಒಂದಕ್ಕೊಂದು ಅಷ್ಟು ದೂರ ಇರುವುದು ನಿಜ. ಅವು ಇತ್ತೀಚೆಗೆ ಬೇರೆಯಾದವಲ್ಲ. ದೂರದ ಸಂಬಂಧಿಯಾದ ಇನ್ನೊಂದು ಜಾತಿಯ ಮೀನಿನಲ್ಲೂ ಹೆಚ್ಚುಕಡಿಮೆ ಅವೇ ಎರಡು ರೂಪಗಳಿವೆ. ಅಂದರೆ ಜಾತಿಗಳು ಬೇರೆಯಾಗುವುದಕ್ಕೂ ಮೊದಲಿನಿಂದ ಎರಡೂ ಜೊತೆಜೊತೆಗೆ ಉಳಿದುಬಂದಿವೆ. ಈ ಕುಟುಂಬ ಬರೀ ಮಂದಿ ಹೆಚ್ಚಿಸಿಕೊಂಡು ಬಾಳಿದ್ದಲ್ಲ, ಒಬ್ಬನಲ್ಲೇ ಹಲವು ರೂಪ ಇಟ್ಟುಕೊಂಡೂ ಬಾಳಿದೆ. ಬಿಳಿಹೊಟ್ಟೆಯಲ್ಲಿ ಬೇರೆ ರೂಪಗಳಿವೆ, ಕರಿಬೆನ್ನಿನಲ್ಲಿ ಇಲ್ಲದವು. ಇನ್ನೊಂದು ಮಾತು: ಕೆಳಗಿನ ಕೊಳಗಳ ಕೊಳಕಲ್ಲಿ ರೋಗ ಹಾದುಹೋಗಿಯೂ ಸಾಯದೆ ಉಳಿದ ಬಿಳಿಹೊಟ್ಟೆಗಳು ಸುಮ್ಮನೆ ಉಳಿದವೆಂದು ಹೇಗೆ ಹೇಳುವುದು? ನಾಳೆ ಲಾರಿ ಹತ್ತಲಿರುವುದು ಅವೇ.

ಅಕ್ಕ ಮೇಜಿನ ಮೇಲೆ ಬೆರಳಿನಿಂದ ಶೆಡ್ಡಿನ ತೊಟ್ಟಿಗಳನ್ನು ಬರೆದಳು. ಅರ್ಧ ಅದು, ಅರ್ಧ ಇದು ಇಟ್ಟುಕೊಂಡರೆ ಎರಡರಲ್ಲೂ ತಾಯಿಮೀನು ಸಾಲುವುದಿಲ್ಲ. ಬರುವ ಋತುವಿಗೆ ಕೇಳಿದವರಿಗೆಲ್ಲ ಮರಿ ಕೊಡಲಾಗುವುದಿಲ್ಲ. ದೊಡ್ಡ ಗಿರಾಕಿ ಬೇರೆ ಕಡೆ ಹೋಗುತ್ತಾನೆ, ಹೋದವನು ತಿರುಗಿ ಬರುವವನಲ್ಲ. ಇದನ್ನೆಲ್ಲ ಅವಳು ತಂಗಿಗೆ ಹೇಳಿದಳೋ, ತನಗೇ ಹೇಳಿಕೊಂಡಳೋ ಗೊತ್ತಾಗುವಂತಿರಲಿಲ್ಲ. ಭಾವ, ಗಿರಾಕಿಗೆ ಏನು ಹೇಳುವುದು ಎಂದು ಕೇಳಿದ.

“ಗೊತ್ತಿಲ್ಲದೆ ಇದ್ದಾಗ ಎರಡನ್ನೂ ಇಟ್ಕೊಂಡ್ವಿ ಅಂತ ಹೇಳಿ” ಎಂದಳು ಅಕ್ಕ.

ಅಂದು ಕತ್ತಲಾಗುವುದರೊಳಗೆ ಮೀನುಗಳನ್ನು ಆರಿಸಿದರು. ರೆಕ್ಕೆಯ ಚೂರು ಕತ್ತರಿಸಿದಾಗ ಮೀನುಗಳಿಗೆ ಹಾಕಿದ್ದ ಗುರುತು ನೋಡಿ, ಯಾವ ಮೀನಿನಲ್ಲಿ ಯಾವ ರೂಪವಿದೆ ಎಂದು ತಂಗಿ ಹೇಳುತ್ತಿದ್ದಳು, ಯಾವುದರ ಮೈ ಗಟ್ಟಿ ಎಂದು ಅಕ್ಕ ನೋಡುತ್ತಿದ್ದಳು. ಇಬ್ಬರ ಮಾತೂ ಕೂಡದ ಕಡೆ ವಾದವಾಯಿತು. ಒಂದು ಬಡಕಲು ಬಿಳಿಹೊಟ್ಟೆಯನ್ನು ಅಕ್ಕ ಬೇಡವೆಂದಳು. ಅದರಲ್ಲಿರುವ ರೂಪ ಇನ್ನು ಯಾವುದರಲ್ಲೂ ಇಲ್ಲವೆಂದು ತಂಗಿ ಪಟ್ಟು ಹಿಡಿದಳು. ಅಕ್ಕ ಅದನ್ನು ಶೆಡ್ಡಿನ ತೊಟ್ಟಿಗೆ ಬಿಟ್ಟಳು, ಇದು ಸತ್ತರೆ ನಿನ್ನ ತಲೆಗೇ ಕಟ್ಟುತ್ತೇನೆ ಎಂದಳು. ಮಾರನೆಯ ಬೆಳಿಗ್ಗೆ ಎರಡೂ ತಳಿಗಳಲ್ಲಿ ಮಿಕ್ಕವು ಲಾರಿಯಲ್ಲಿ ಹೋದವು. ಅಕ್ಕ ಹೇಳಿದ ಹಾಗೇ ದೊಡ್ಡ ಗಿರಾಕಿ ಬೇರೆ ಕಡೆ ಹೋದ, ಇನ್ನೂ ಬಂದಿಲ್ಲ.

ಆಮೇಲಿನ ಬೇಸಗೆಯಲ್ಲಿ ಆ ರೋಗ ಬರಲಿಲ್ಲ, ಅದರ ಮುಂದಿನದರಲ್ಲೂ ಬಂದಿಲ್ಲ. ಕೊಳಗಳು ಒಣಗಿದ್ದರಿಂದಲೋ, ಕಾಲುವೆಯಲ್ಲಿ ಏನಾದರೂ ಬದಲಾದದ್ದರಿಂದಲೋ, ಅಧಿಕಾರಿಯೂ ಖಾತ್ರಿಯಾಗಿ ಹೇಳುವುದಿಲ್ಲ. ಆರನೆಯವನ ಎರಡು ರೂಪಗಳಲ್ಲಿ ಯಾವುದು ಯಾವ ರೋಗಾಣುವನ್ನು ಮೂಸುತ್ತದೆ, ಅಷ್ಟು ಕಾಲದಿಂದ ಎರಡೂ ಯಾಕೆ ಉಳಿದುಬಂದವು ಎಂಬುದು ತಂಗಿಗೆ ತಿಳಿದಿಲ್ಲ, ಮೇಷ್ಟ್ರಿಗೂ ತಿಳಿದಿಲ್ಲ. ಆ ಬೇಸಗೆಯಲ್ಲಿ ಕರಿಬೆನ್ನನ್ನು ಉಳಿಸಿದ್ದು ಮೇಲಿನ ಕೊಳದ ನೀರೋ, ಅದರ ರಕ್ತವೋ, ಎರಡೂ ಅಲ್ಲದ ಇನ್ನೇನೋ ಎಂಬುದೂ ಗೊತ್ತಿಲ್ಲ. ರೋಗ ಇನ್ನೊಮ್ಮೆ ಬಂದರೆ ಗೊತ್ತಾಗಬಹುದು. ಬರಲಿ ಎಂದು ಆ ಮನೆಯಲ್ಲಿ ಯಾರೂ ಬಯಸುತ್ತಿಲ್ಲ.